ಓಯ್ದಿನ್ ಕಚ್ಚಿಟ್ಟ ರೊಟ್ಟಿ

ಮಗಳನ್ನು ಜಪಾನಿಗೆ ಕಳಿಸುವುದೆಂದರೆ ಅದೇನು ಮಹಾ ಬ್ರಹ್ಮವಿದ್ಯೆ! ಕೋಕಂದ್ ಊರಿನ ತುರ್ಗುನ್ ಮೇಷ್ಟ್ರು ಬೀಳ್ಕೊಡುಗೆಯ ಊಟದ ದಿನ ನೆಂಟರಿಷ್ಟರೆಲ್ಲರ ಎದುರಿಗೆ ಹೀಗೆಂದು ಘೋಷಿಸಿಬಿಟ್ಟರು. ಅಂಗಳದ ಏಪ್ರಿಕಾಟ್ ಮರ ಮೈತುಂಬ ಹೂ ಬಿಟ್ಟಿತ್ತು, ಕಡಾಯಿಯ ಪಲಾವ್ ತಳ ಕಂಡಿತ್ತು, ಮೇಷ್ಟ್ರ ಹೊಟ್ಟೆ ತುಂಬಿತ್ತು. ಹೊಟ್ಟೆ ತುಂಬಿದ ಮೇಷ್ಟ್ರು ಮಾತು ಶುರು ಮಾಡಿದರೆ ಪೂರ್ಣವಿರಾಮ ಹಾಕಲು ಹೆಂಡತಿ ಹೋಸಿಯತ್ತೇ ಬರಬೇಕು. ಅವಳು ಒಳಗೆ ತಟ್ಟೆ ಎತ್ತುವುದರಲ್ಲಿದ್ದಳು.

ಹಾಗಾಗಿ ಪ್ರತಿಜ್ಞೆಗಳು ಒಂದರ ಹಿಂದೊಂದು ಹೊರಬಿದ್ದವು. ತಾಷ್ಕೆಂಟಿನಲ್ಲಿ ಜಪಾನಿ ಭಾಷೆ ಓದುತ್ತಿದ್ದ ಮಗಳು ಓಯ್ದಿನ್ ಒಂದು ಸೆಮಿಸ್ಟರ್ ಮಟ್ಟಿಗೆ ಜಪಾನಿನಲ್ಲೇ ಓದಲು ಹೊರಟಿದ್ದಾಳೆ, ಅವಳ ಸಿದ್ಧತೆಯ ಪೂರ್ತಿ ಭಾರ ತನ್ನದು ಎಂದರು. ವಿಮಾನ ನಿಲ್ದಾಣದವರೆಗೆ ಹೋಗಿ ಕಣ್ಣೊರೆಸಿಕೊಳ್ಳುವ ಅಪ್ಪಂದಿರ ಸಾಲಿಗೆ ತಾನು ಸೇರಿದವನಲ್ಲ, ಬಾಗಿಲಲ್ಲೇ ನಿಂತು ಗಂಡಸಿನ ಹಾಗೆ ಕೈ ಬೀಸುತ್ತೇನೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯಾರೋ ಒಬ್ಬರು ಭೇಷ್ ಎಂದುಬಿಟ್ಟರು. ಆ ಹುರುಪಿನಲ್ಲಿ ಮೇಷ್ಟ್ರು, ಮಗಳು ಮರಳಿ ಬರುವ ತನಕ ಒಂದು ಚೂರು ರೊಟ್ಟಿಯನ್ನೂ ಮುಟ್ಟುವುದಿಲ್ಲ ಎಂದು ಎದೆ ತಟ್ಟಿಕೊಂಡರು. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ರೊಟ್ಟಿ ನಿಲ್ಲಿಸಿ ಎಂದು ಹೇಳಿ ಹೇಳಿ ಸೋತಿದ್ದರು, ಹೋಸಿಯತ್ ರೊಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಅಂಥ ಮನುಷ್ಯ ತಾನಾಗಿ ಪ್ರತಿಜ್ಞೆ ಮಾಡಿದ್ದನ್ನು ಒಳಗಿನಿಂದಲೇ ಕೇಳಿಸಿಕೊಂಡ ಅವಳು ನಗದೆ ತಟ್ಟೆ ತೊಳೆದಳು. ಹೆಚ್ಚು ನಗು ಬಂದಾಗ ಅವಳು ನಗುವುದಿಲ್ಲ.

ಆಮೇಲೆ ಅಜ್ಜಿ ಎದ್ದರು. ಅಜ್ಜಿ ಎಂದರೆ ಮೇಷ್ಟ್ರ ತಾಯಿ, ಬಿಬಿಸೋರಾ. ಬಾಯಲ್ಲಿ ಹಲ್ಲು ಕಡಿಮೆ, ಮಾತಿನಲ್ಲಿ ಪೂರ್ತಿ ಇವೆ. ಮೊಮ್ಮಗಳು ಸಮುದ್ರ ದಾಟಿ ಹೋಗುವುದಕ್ಕೆ ಚಳಿಗಾಲವಿಡೀ ಬೇಡವೆಂದೇ ಕೂತಿದ್ದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಆ ಮನೆಯಿಂದ ದೂರ ಹೋಗುವವರು ಇಡೀ ರೊಟ್ಟಿಯೊಂದನ್ನು ಒಂದೇ ಒಂದು ಸಲ ಕಚ್ಚಿಟ್ಟು ಹೋಗಬೇಕು. ಉಳಿದದ್ದು ಗೋಡೆಯ ಮೇಲೆ ಕಾಯುತ್ತಿರುತ್ತದೆ. ಹೋದವರು ಬಂದು ಅದನ್ನು ತಿಂದು ಮುಗಿಸಬೇಕು, ಅನ್ನದ ಋಣ ಅವರನ್ನು ಎಳೆದು ತರುತ್ತದೆ. ಓಯ್ದಿನಳ ರೊಟ್ಟಿ ಗೋಡೆಯ ಮೇಲೆ ಸುಖವಾಗಿದ್ದರೆ ಅವಳು ಹೋಗಬಹುದು. ಹೊರಡುವ ಮುಂಚೆ ಅದಕ್ಕೇನಾದರೂ ಆಯಿತೋ, ಪ್ರಯಾಣ ರದ್ದು. ಅಜ್ಜಿಯ ತೀರ್ಪಿಗೆ ಮೇಲ್ಮನವಿ ಇಲ್ಲ.

ಭೌತಶಾಸ್ತ್ರದ ಮೇಷ್ಟ್ರು ಸುಮ್ಮನಿರುತ್ತಾರೆಯೇ?

"ಹಿಟ್ಟು, ನೀರು, ಉಪ್ಪು," ಎಂದರು. "ಇದ್ರಲ್ಲಿ ಜಪಾನಿಂದ ಮನುಷ್ಯರನ್ನ ಎಳೆಯೋ ಬಲ ಎಲ್ಲಿಂದ ಬಂತಮ್ಮ?"

"ನಿನ್ನ ಅಡುಗೆಮನೆಗೆ ಎಳೆಯೋ ಬಲ ಎಲ್ಲಿಂದ ಬರುತ್ತೋ ಅಲ್ಲಿಂದಲೇ," ಎಂದರು ಅಜ್ಜಿ.

ಓಯ್ದಿನ್ ಎಲ್ಲರೆದುರು, ನಡುವೆ ಅಚ್ಚೊತ್ತಿ ಎಳ್ಳು ಉದುರಿಸಿದ ದಪ್ಪ ದುಂಡು ರೊಟ್ಟಿಯ ಅಂಚನ್ನು ಕಚ್ಚಿದಳು, ಒಂದು ಪುಟ್ಟ ಕಚ್ಚು. ಹಿರಿಯರು ಕೈಯೆತ್ತಿ ಹರಸಿದರು. ಅಜ್ಜಿ ಅದನ್ನು ಒಳಗೆ ಒಯ್ದು, ಪ್ರಾರ್ಥನೆ ಹೇಳಿ, ಬಲೆಬಟ್ಟೆಯಲ್ಲಿ ಸುತ್ತಿ ತಂದು ಮಗನ ಕೈಗಿತ್ತರು. ಮೊಳೆ ಹೊಡೆಯುವ ಕೆಲಸ ಮೇಷ್ಟ್ರದು. ಗೋಡೆ ಮಣ್ಣಿನದು, ಮರದ ಗೂಟ ಹಾಕು ಎಂದಳು ಹೋಸಿಯತ್. ಗುರುತ್ವಾಕರ್ಷಣೆಯ ಪಾಠ ನನಗೇ ಹೇಳಬೇಡ ಎಂದು ಮೇಷ್ಟ್ರು ಜಗಲಿಯ ಗೋಡೆಗೆ ಒಂದು ಸಣ್ಣ ಮೊಳೆ ಹೊಡೆದು, ಭೂಕಂಪವಾದರೂ ಇದು ಅಲುಗದು ಎಂದು ಎಲ್ಲರಿಗೂ ಭರವಸೆ ಕೊಟ್ಟರು.

ನೆಂಟರು ಹೋದ ಮೇಲೆ, ಅಪ್ಪನ ಕೈಗೆ ನೀರು ಹಾಕುತ್ತ ಓಯ್ದಿನ್ ಮೆಲ್ಲಗೆ ಹೇಳಿದಳು: "ಅಪ್ಪ, ನಿಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಅಂತ ಗೊತ್ತು. ಆದ್ರೂ ನನ್ನ ರೊಟ್ಟಿ ಸ್ವಲ್ಪ ನೋಡ್ಕೊಂಡಿರು."

ಮೇಷ್ಟ್ರು ನಕ್ಕು ಅವಳ ತಲೆ ನೇವರಿಸಿದರು. ರೊಟ್ಟಿ ನೋಡಿಕೊಳ್ಳುವುದೂ ಒಂದು ಕೆಲಸವೇ?

ಮರುದಿನ ಬೆಳಿಗ್ಗೆ ಹೋಸಿಯತ್ ಮತ್ತು ಅಜ್ಜಿ ಪಕ್ಕದ ಬೀದಿಯಲ್ಲಿ ಬಾಣಂತಿಯನ್ನು ನೋಡಲು ಹೋಗಿದ್ದರು. ಓಯ್ದಿನ್ ಒಳಕೋಣೆಯಲ್ಲಿ ಜಪಾನಿ ಮನೆಯವರಿಗೆ ಒಪ್ಪಿಸಬೇಕಾದ ನಮಸ್ಕಾರದ ಮಾತುಗಳನ್ನು ಉರು ಹೊಡೆಯುತ್ತಿದ್ದಳು. ಒಂದೊಂದು ವಾಕ್ಯವೂ ಎಷ್ಟು ಉದ್ದವೆಂದರೆ ಕೇಳುವವರಿಗೇ ಉಸಿರು ಕಟ್ಟುತ್ತಿತ್ತು. ಮೇಷ್ಟ್ರು ಜಗಲಿಯಲ್ಲಿ ಹಸಿರು ಚಹಾ ಮುಂದಿಟ್ಟುಕೊಂಡು, ದ್ರಾಕ್ಷಿ ಚಪ್ಪರಕ್ಕೆ ತೂಗುಬಿಟ್ಟ ಪಂಜರದಲ್ಲಿದ್ದ ತಮ್ಮ ಮುದ್ದಿನ ಲಾವಕ್ಕಿಗೆ ಕಾಳು ಹಾಕುತ್ತ ಕೂತಿದ್ದರು. ಪಕ್ಕದಲ್ಲಿ ಒಂದು ಬಟ್ಟಲು ಕೆನೆ. ಕೆನೆಗೆ ಡಾಕ್ಟರು ಬೇಡ ಎಂದಿರಲಿಲ್ಲ, ಕೇಳಿದ್ದರೆ ತಾನೆ ಹೇಳುವುದು!

ಆಗ ಹಿಂದಿನಿಂದ ಧೊಪ್ ಎಂದಿತು.

ಭೂಕಂಪವೇನೂ ಆಗಿರಲಿಲ್ಲ. ಮೊಳೆ ತಾನಾಗಿ ಕಳಚಿಕೊಂಡಿತ್ತು, ರೊಟ್ಟಿ ನೆಲದ ಮೇಲಿತ್ತು. ಬಿದ್ದ ರೊಟ್ಟಿಯನ್ನು ಕಂಡು ಹಾಗೇ ಕೂರಲು ಆ ಊರಿನಲ್ಲಿ ಎಂಥ ನಾಸ್ತಿಕನಿಗೂ ಧೈರ್ಯವಿಲ್ಲ. ಮೇಷ್ಟ್ರು ಓಡಿಹೋಗಿ ಎತ್ತಿದರು, ಮೂರು ಸಲ ಮುತ್ತಿಟ್ಟು ಹಣೆಗೆ ಒತ್ತಿಕೊಂಡರು. ಇಲ್ಲಿಯವರೆಗೆ ಅವರದು ಏನೂ ತಪ್ಪಿಲ್ಲ, ದೇವರೂ ಒಪ್ಪುತ್ತಾನೆ. ಮುತ್ತಿಟ್ಟಾಗ ಎರಡು ಎಳ್ಳು ತುಟಿಗೆ ಅಂಟಿಕೊಂಡವು. ಅಂಟಿದ ಎಳ್ಳನ್ನು ನಾಲಗೆ ಒಳಗೆಳೆದುಕೊಂಡಿತು. ನಾಲಗೆಗೆ ಪ್ರತಿಜ್ಞೆಯ ವಿಷಯ ಯಾರೂ ತಿಳಿಸಿರಲಿಲ್ಲ.

ನೆಲದ ಮೇಲೆ ಚೂರುಗಳು ಬಿದ್ದಿದ್ದವು. ರೊಟ್ಟಿಯ ಚೂರನ್ನು ಕಾಲಿಗೆ ಸಿಗುವಂತೆ ಬಿಡಬಾರದು, ಗುಡಿಸಿ ಎಸೆಯಲೂ ಬಾರದು, ಹೆಕ್ಕಿ ಬಾಯಿಗೆ ಹಾಕಿಕೊಳ್ಳಬೇಕು. ಮೇಷ್ಟ್ರು ಭಕ್ತಿಯಿಂದ ಹೆಕ್ಕಿದರು, ಭಕ್ತಿಯಿಂದ ಹಾಕಿಕೊಂಡರು. ನೋಡಿದರೆ ಬಿದ್ದ ಏಟಿಗೆ ಒಂದು ಬದಿಯ ಅಂಚು ಮುರಿದು ಜೋತುಬಿದ್ದಿತ್ತು. ಜೋತುಬಿದ್ದದ್ದು ಹೇಗೂ ಬೀಳುವುದೇ, ಅದನ್ನು ತೆಗೆದರು. ಈಗ ರೊಟ್ಟಿ ಒಂದು ಕಡೆಗೆ ವಾಲಿತು. ಸಮತೋಲ ತಪ್ಪಿದ ವಸ್ತುವನ್ನು ಗೋಡೆಗೆ ತೂಗುಹಾಕುವುದುಂಟೇ? ಇನ್ನೊಂದು ಬದಿಯನ್ನೂ ಸ್ವಲ್ಪ ಸರಿಮಾಡಿದರು. ಕೈಯಲ್ಲಿದ್ದ ತುಂಡು ಒಣಗಿತ್ತು, ಕೆನೆ ಪಕ್ಕದಲ್ಲೇ ಇತ್ತು. ಒಳಗೆ ಮಗಳು ಜಪಾನಿ ಭಾಷೆಯಲ್ಲಿ ಯಾರದೋ ಕ್ಷಮೆ ಕೇಳುತ್ತಿದ್ದಳು, ಅವಳ ದನಿ ಎಷ್ಟು ಚಂದ ಎಂದು ಮೇಷ್ಟ್ರು ಕಣ್ಣುಮುಚ್ಚಿ ಕೇಳುತ್ತ ಕೂತರು. ಕಣ್ಣು ಬಿಟ್ಟಾಗ ಕೆನೆಯ ಬಟ್ಟಲು ಖಾಲಿಯಾಗಿತ್ತು. ಬಲೆಬಟ್ಟೆಯೂ ಖಾಲಿ.

ಲಾವಕ್ಕಿ ಅವರನ್ನೇ ನೋಡುತ್ತಿತ್ತು.

ಮೇಷ್ಟ್ರು ಬಲೆಬಟ್ಟೆಯನ್ನು ಕೊಡವಿ ನೋಡಿದರು. ಹೇಳಿಬಿಟ್ಟರೆ ಅಜ್ಜಿ ಪ್ರಯಾಣ ನಿಲ್ಲಿಸುತ್ತಾರೆ. ಮಗಳು ವರ್ಷಗಟ್ಟಲೆ ಆ ಕಡ್ಡಿಗೀಟಿನ ಅಕ್ಷರಗಳನ್ನು ತಿದ್ದಿ ತಿದ್ದಿ ಗಳಿಸಿದ ಅವಕಾಶ, ಅಪ್ಪನ ಕೆನೆಯ ಬಟ್ಟಲಲ್ಲಿ ಮುಳುಗುತ್ತದೆ. ಹೇಳದಿದ್ದರೆ ಗೋಡೆ ಖಾಲಿ. ಹಾಗಾದರೆ ಗೋಡೆಯನ್ನು ತುಂಬಬೇಕು. ಅದೇ ಒಲೆಯಲ್ಲಿ ಬೆಂದ, ಅದೇ ಅಚ್ಚೊತ್ತಿದ ರೊಟ್ಟಿಗಳು ಹೋಸಿಯತ್ತಳ ಪೆಟ್ಟಿಗೆಯಲ್ಲಿದ್ದವು, ನಡುವೆ ಇದ್ದದ್ದು ಒಂದು ಬೀಗ ಮತ್ತು ಹೋಸಿಯತ್.

ಅವಳು ಮನೆಗೆ ಬಂದ ಕೂಡಲೇ ಮೇಷ್ಟ್ರು ಒಂದು ರೊಟ್ಟಿ ಬೇಕೆಂದರು.

"ನಿನ್ನೆ ತಾನೆ ಪ್ರತಿಜ್ಞೆ ಮಾಡಿದ್ರಿ."

"ತಿನ್ನೋಕಲ್ಲ ಕಣೆ. ಶಾಲೇಲಿ ಒಂದು ಪ್ರಯೋಗ ಇದೆ."

"ಶಾಲೆಗೆ ರಜ."

"ಪ್ರಯೋಗಕ್ಕೆ ರಜ ಇರಲ್ಲ."

ಹೋಸಿಯತ್ ಅವರ ಮುಖವನ್ನೇ ನೋಡಿದಳು. ಮೇಷ್ಟ್ರು ಹಾದಿ ಬದಲಿಸಿ, ಓಯ್ದಿನಳ ಜಪಾನಿ ಪ್ರೊಫೆಸರಿಗೆ ಉಡುಗೊರೆ ಕೊಡಲು ಎಂದರು. ಈ ಬಾಣ ನಾಟಿತು. ಆದರೆ ಬೇಕಾದ್ದಕ್ಕಿಂತ ಆಳವಾಗಿ ನಾಟಿತು. ಪ್ರೊಫೆಸರಿಗೆ ಒಂದೇ ರೊಟ್ಟಿ ಕೊಡುವುದು ಮರ್ಯಾದೆಯೇ ಎಂದು ಹೋಸಿಯತ್ ಒಂದನ್ನು ಗಂಡನ ಕೈಗಿತ್ತು, ಉಳಿದದ್ದರಲ್ಲಿ ಬಹುಪಾಲನ್ನು ತಾನೇ ಸೂಟ್‌ಕೇಸಿಗೆ ತುಂಬಿದಳು. ಸೂಟ್‌ಕೇಸು ಮೊದಲೇ ಬಸುರಿಯಾಗಿತ್ತು. ಒಣದ್ರಾಕ್ಷಿ, ಒಣಗಿಸಿದ ಮೊಸರುಂಡೆ, ಕೂರಲೊಂದು ಹತ್ತಿಯ ಹಾಸು, ಜಪಾನಿನಲ್ಲಿ ಬಟ್ಟಲು ಸಿಗುವುದೋ ಇಲ್ಲವೋ ಎಂದು ಚಹಾದ ಬಟ್ಟಲುಗಳು. ಓಯ್ದಿನ್ ಒಂದು ಬದಿಯಿಂದ ತೆಗೆದರೆ ತಾಯಿ ಇನ್ನೊಂದು ಬದಿಯಿಂದ ತುರುಕುತ್ತಿದ್ದಳು. ವಿಮಾನದವರು ಒಪ್ಪುವ ತೂಕ ನೋಡಲು ಮೇಷ್ಟ್ರು ಮೊದಲು ತಾವೊಬ್ಬರೇ ತಕ್ಕಡಿ ಹತ್ತಿದರು, ಆಮೇಲೆ ಸೂಟ್‌ಕೇಸ್ ಅಪ್ಪಿಕೊಂಡು ಹತ್ತಿದರು. ಕಳೆಯುವ ಲೆಕ್ಕ ಸುಲಭ. ಆದರೆ ಒಬ್ಬರೇ ಹತ್ತಿದಾಗಲೇ ಮುಳ್ಳು ಮುಂದಕ್ಕೆ ಜಿಗಿದದ್ದನ್ನು ಹೋಸಿಯತ್ ಗಮನಿಸಿದಳು.

ಇನ್ನು ಬೇಕಾದದ್ದು ಓಯ್ದಿನಳ ಒಂದು ಕಚ್ಚು. ಇದು ಸುಲಭವೆಂದು ಮೇಷ್ಟ್ರು ಭಾವಿಸಿದ್ದರು. ಆದರೆ ರೊಟ್ಟಿಯನ್ನು ಎಲ್ಲರೂ ಕೈಯಿಂದ ಮುರಿದು ತಿನ್ನುವ ಮನೆ ಅದು, ಇಡೀ ರೊಟ್ಟಿಗೆ ಬಾಯಿ ಹಾಕುವವರು ದೂರದೂರಿಗೆ ಹೋಗುವವರು ಮಾತ್ರ. ಸಾಲದ್ದಕ್ಕೆ ಓಯ್ದಿನ್ ಅಭ್ಯಾಸವಾಗಲಿ ಎಂದು ಎಲ್ಲವನ್ನೂ ಎರಡು ಕಡ್ಡಿಗಳಲ್ಲಿ ಹಿಡಿದು ತಿನ್ನುತ್ತಿದ್ದಳು. ನೂಡಲ್ಸು ಸರಿ, ಪಲಾವ್ ಪರವಾಗಿಲ್ಲ, ಸಾರಿನಲ್ಲಿ ತೇಲುವ ಆಲೂಗಡ್ಡೆಯ ಬೆನ್ನು ಹತ್ತಿ ಅವಳು ಬಟ್ಟಲೆಲ್ಲ ಸುತ್ತುತ್ತಿದ್ದುದನ್ನು ಕಂಡು ಅಜ್ಜಿ, ಅದನ್ನು ಅದರ ಪಾಡಿಗೆ ಬಿಟ್ಟುಬಿಡು, ಅದೂ ಒಂದು ಜೀವ ಎಂದಿದ್ದರು. ಮೇಷ್ಟ್ರು ರೊಟ್ಟಿಯನ್ನು ಮಗಳ ಬಾಯಿಯ ನೇರಕ್ಕೆ ಹಿಡಿದು, ಬೆಂದಿದೆಯೋ ಇಲ್ಲವೋ ಒಂದು ಸಲ ಕಚ್ಚಿ ನೋಡು ಎಂದರು. ಅವಳು ಕಡ್ಡಿಯಿಂದ ಒಂದು ಎಳ್ಳನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಬೆಂದಿದೆ ಎಂದಳು.

"ಹಾಗಲ್ಲ ಮಗಳೇ. ಬಾಯಿ ಹಾಕಿ."

"ಬೇಡಪ್ಪ. ಎರಡು ರೊಟ್ಟಿ ಕಚ್ಚಿದ್ರೆ ಎರಡು ಪಟ್ಟು ದಿನ ಅಲ್ಲೇ ಉಳೀಬೇಕಾಗುತ್ತಂತೆ. ಅಜ್ಜಿ ಹೇಳಿದ್ರು."

ಮೇಷ್ಟ್ರು ರೊಟ್ಟಿಯನ್ನು ಸರಕ್ಕನೆ ಹಿಂದಕ್ಕೆಳೆದು ಅಂಗಿಯೊಳಗೆ ಸೇರಿಸಿಕೊಂಡರು. ನಂಬಿಕೆಯಿಲ್ಲದವರ ಕೈ ಇಷ್ಟು ಬೇಗ ಹಿಂದೆ ಸರಿದದ್ದು ಯಾಕೆ ಎಂದು ಅವರೇ ಬೆರಗಾದರು.

ಕೊನೆಗೆ ದನದ ಕೊಟ್ಟಿಗೆಯ ಮರೆಯಲ್ಲಿ ತಾವೇ ಕಚ್ಚಿದರು. ತುಟಿ ಚಿಕ್ಕದು ಮಾಡಿ, ಮದುಮಗಳ ಹಾಗೆ ನಾಚಿಕೊಂಡು, ಅಂಚನ್ನು ಮಾತ್ರ. ತೆಗೆದು ನೋಡಿದರೆ ಕುದುರೆ ಬಾಯಿ ಹಾಕಿದಂತಿತ್ತು. ಮುಂದಿನ ಸಾಲಿನ ಬಂಗಾರದ ಹಲ್ಲು ಒಂದು ಕಡೆ ಆಳವಾಗಿ ಊರಿತ್ತು, ಪಕ್ಕದ ಖಾಲಿ ಜಾಗದಲ್ಲಿ ರೊಟ್ಟಿ ಹಾಗೇ ಒಂದು ಕೋಡಿನಂತೆ ಉಳಿದಿತ್ತು. ಉಗುರಿನ ಕತ್ತರಿಯಿಂದ ಕೋಡನ್ನು ತಿದ್ದಿದರು. ತಿದ್ದಿದಷ್ಟೂ ಕಚ್ಚು ದೊಡ್ಡದಾಯಿತು. ಸಾಕೆಂದು ಬಲೆಬಟ್ಟೆಯಲ್ಲಿ ಸುತ್ತಿ, ಕಚ್ಚಿದ ಬದಿಯನ್ನು ಗೋಡೆಗೆ ತಿರುಗಿಸಿ, ಈ ಸಲ ಮರದ ಗೂಟವನ್ನೇ ಹೊಡೆದು ತೂಗುಹಾಕಿದರು. ಹೋಸಿಯತ್ ಗೂಟವನ್ನು ನೋಡಿ, ಗುರುತ್ವಾಕರ್ಷಣೆ ಹೆಚ್ಚಾಯಿತೇ ಎಂದು ಕೇಳಿದಳು.

ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿತ್ತು. ಮೇಷ್ಟ್ರು ಮಾತ್ರ ಸರಿ ಇರಲಿಲ್ಲ. ಬಾಡಿಗೆ ಕಾರು ಬರುವ ದಿನ ಹತ್ತಿರವಾದಂತೆ ಅವರಿಗೆ ವಿಚಿತ್ರ ಯೋಚನೆಗಳು ಬರತೊಡಗಿದವು. ಗೋಡೆಯ ಮೇಲಿರುವುದು ತನ್ನ ಕಚ್ಚು, ಅದು ಕರೆದರೆ ಬರುವವನು ತಾನು. ಮಗಳನ್ನು ಕರೆಯಬೇಕಾದ ರೊಟ್ಟಿ ತನ್ನ ಹೊಟ್ಟೆಯಲ್ಲಿ ಕರಗಿಹೋಗಿದೆ. ಇದೆಲ್ಲ ಮೂಢನಂಬಿಕೆ ಎಂದು ತಮಗೆ ತಾವೇ ಪಾಠ ಮಾಡಿಕೊಂಡರು. ಪಾಠ ಕೇಳುವ ಹುಡುಗ ದಡ್ಡನಾಗಿದ್ದ. ಮರಳಿ ಬರುವ ಟಿಕೆಟ್ ಇದೆಯೇ ಎಂದು ಮಗಳನ್ನು ಪದೇಪದೇ ಕೇಳಿದರು. ಜಪಾನಿನಲ್ಲಿ ನಿಜವಾದ ಭೂಕಂಪಗಳು ಆಗುತ್ತವಂತೆ ಎಂಬುದು ಈಗ ನೆನಪಾಯಿತು. ಓಯ್ದಿನ್ ಬಾಗಿ ಬಾಗಿ ಜಪಾನಿ ನಮಸ್ಕಾರ ಅಭ್ಯಾಸ ಮಾಡುತ್ತಿದ್ದಳು. ಅಜ್ಜಿ ಅದಕ್ಕೆ ಎದೆಯ ಮೇಲೆ ಕೈಯಿಟ್ಟು ಬಾಗುತ್ತಿದ್ದರು. ಯಾರು ಮೊದಲು ನಿಲ್ಲಿಸುವುದೆಂದು ಇಬ್ಬರಿಗೂ ತಿಳಿಯದೆ ಅಂಗಳದಲ್ಲಿ ನಗು ಏಳುತ್ತಿತ್ತು. ಮೇಷ್ಟ್ರು ಮಾತ್ರ ಅದನ್ನು ನೋಡಲಾಗದೆ ಲಾವಕ್ಕಿಯ ಹತ್ತಿರ ಹೋಗಿ ಕೂರುತ್ತಿದ್ದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಓಯ್ದಿನ್ ಬಂದು ಪಕ್ಕದಲ್ಲಿ ಕೂತಳು.

"ಅಪ್ಪ, ನಂಗೆ ಭಯ ಆಗ್ತಿದೆ. ಇಲ್ಲಿ ಕ್ಲಾಸಲ್ಲಿ ಮಾತಾಡೋದು ಬೇರೆ. ಅಲ್ಲಿ ಬಾಯಿ ತೆಗೆದ್ರೆ ಯಾರಿಗೂ ಏನೂ ಅರ್ಥ ಆಗದೇ ಹೋದ್ರೆ?"

ಮೇಷ್ಟ್ರು ಏನೋ ಧೈರ್ಯ ಹೇಳಲು ಹೊರಟರು. ಹೇಳದೆ ಲಾವಕ್ಕಿಗೆ ಇನ್ನೊಂದು ಹಿಡಿ ಕಾಳು ಹಾಕಿದರು.

"ಇರ್ಲಿ ಬಿಡು," ಎಂದು ಅವಳೇ ಹೇಳಿದಳು. "ತೀರಾ ಬೇಜಾರಾದಾಗ ನಮ್ಮನೆ ಗೋಡೆ ಮೇಲೆ ನನ್ನದೊಂದು ರೊಟ್ಟಿ ಇದೆ ಅಂದ್ಕೊಳ್ತೀನಿ. ಅಷ್ಟು ಸಾಕು."

ಆ ಸಂಜೆ ಹೋಸಿಯತ್ ಮಾಡಿದ ಊಟ ಮೇಷ್ಟ್ರಿಗೆ ಇಳಿಯಲಿಲ್ಲ. ಮದುವೆಯಾದ ಮೇಲೆ ಇದು ಮೊದಲ ಸಲ.

ಬೆಳಿಗ್ಗೆ ಕಾರು ಬಾಗಿಲಿಗೆ ಬಂತು. ತಾಷ್ಕೆಂಟಿಗೆ ಘಾಟಿ ದಾಟಿ ಹೋಗಬೇಕು, ಚಾಲಕ ಅವಸರ ಮಾಡುತ್ತಿದ್ದ. ಸೂಟ್‌ಕೇಸು ಏರಿತು. ಹೋಸಿಯತ್ ಮಗಳ ಕೊರಳಪಟ್ಟಿ ಸರಿಮಾಡುತ್ತ, ಸರಿಯಿದ್ದದ್ದನ್ನೇ ಮತ್ತೆ ಸರಿಮಾಡುತ್ತ ನಿಂತಿದ್ದಳು. ಓಯ್ದಿನ್ ಕೊನೆಯದಾಗಿ ಒಳಗೆ ಹೋಗಿ ರೊಟ್ಟಿಯ ಎದುರು ನಿಂತು ಫೋನಿನಲ್ಲಿ ಅದರ ಚಿತ್ರ ತೆಗೆದುಕೊಳ್ಳತೊಡಗಿದಳು. ಎಂಥ ಪ್ರೀತಿಯಿಂದ ತೆಗೆಯುತ್ತಿದ್ದಳೆಂದರೆ, ಬಾಗಿಲಲ್ಲಿ ಗಂಡಸಿನ ಹಾಗೆ ನಿಂತಿದ್ದ ಮೇಷ್ಟ್ರು ಎರಡು ಹೆಜ್ಜೆ ಒಳಗೆ ಬಂದರು. ಇನ್ನು ಒಂದು ನಿಮಿಷ ಸುಮ್ಮನಿದ್ದರೆ ಗೆದ್ದಂತೆ. ಸುಮ್ಮನಿರಲು ಆಗಲಿಲ್ಲ.

"ಅದು ನಿನ್ನದಲ್ಲ ಮಗಳೇ," ಎಂದರು. "ನಿನ್ನದನ್ನ ನಾನು ತಿಂದ್ಬಿಟ್ಟೆ."

ಎಲ್ಲವನ್ನೂ ಹೇಳಿದರು. ಮೊಳೆ, ಎಳ್ಳು, ಚೂರು, ಸಮತೋಲ, ಕೆನೆ, ಕೊಟ್ಟಿಗೆ, ಕತ್ತರಿ. ಹೇಳುತ್ತ ಹೇಳುತ್ತ ಹೆಂಡತಿಯ ಕಡೆ ತಿರುಗಿ, ಪೆಟ್ಟಿಗೆಯ ಬೀಗ ತೆಗೆ, ಇನ್ನೊಂದು ರೊಟ್ಟಿ ಕೊಡು, ಇವಳು ಕಚ್ಚದೆ ಹೋಗಕೂಡದು ಎಂದು ಅಂಗಲಾಚಿದರು. ಎರಡು ಪಟ್ಟು ದಿನವಾದರೂ ಸರಿ, ಬಂದರೆ ಸಾಕು. ಹಿಟ್ಟು, ನೀರು, ಉಪ್ಪಿನ ಮೇಷ್ಟ್ರು ಕಣ್ಣೀರು ಹಾಕುತ್ತಿದ್ದರು. ಓಯ್ದಿನ್ ಒಮ್ಮೆ ಅಪ್ಪನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಪ್ರಯಾಣ ಈಗ ಅಜ್ಜಿಯ ನಾಲಗೆಯ ತುದಿಯಲ್ಲಿತ್ತು.

ಅಜ್ಜಿ ಗೋಡೆಯ ಮೇಲಿನ ರೊಟ್ಟಿಯನ್ನು ಇಳಿಸಿ, ಕಚ್ಚಿದ ಬದಿಯನ್ನು ಬೆಳಕಿಗೆ ಹಿಡಿದರು.

"ಬಾಯಿ ತೆಗಿಯೋ."

ಮೇಷ್ಟ್ರು ಬಾಯಿ ತೆಗೆದರು. ಅಜ್ಜಿ ಬಂಗಾರದ ಹಲ್ಲಿಗೂ ರೊಟ್ಟಿಗೂ ತಾಳೆ ನೋಡಿ ತಲೆದೂಗಿದರು.

"ಮೊದಲನೇ ದಿನವೇ ಗೊತ್ತಾಯ್ತು," ಎಂದರು. "ನೀನಾಗಿ ಯಾವಾಗ ಬಾಯಿ ಬಿಡ್ತೀಯೋ ಅಂತ ಕಾಯ್ತಾ ಇದ್ದೆ."

ಆಮೇಲೆ ತಮ್ಮ ಮದುವೆಯ ಸಂದೂಕವನ್ನು ತೆರೆದು, ಹಾಸಿಗೆ ಬಟ್ಟೆಗಳ ಅಡಿಯಿಂದ ಬಿಳಿ ಶಾಲಿನ ಗಂಟೊಂದನ್ನು ತೆಗೆದರು. ಬಿಚ್ಚಿದರೆ ರೊಟ್ಟಿ, ಅಂಚಿನಲ್ಲಿ ಒಂದು ಪುಟ್ಟ ಕಚ್ಚು. ಓಯ್ದಿನ್ ಬೆರಳಿಟ್ಟು ನೋಡಿದಳು. ತನ್ನದೇ.

"ಹಾಗಾದ್ರೆ ನಾನು ತಿಂದದ್ದು?" ಎಂದರು ಮೇಷ್ಟ್ರು, ಬಾಯಿ ಇನ್ನೂ ಮುಚ್ಚದೆ.

"ನಾನು ಕಚ್ಚಿದ್ದು. ಉಳಿದಿರೋ ಹಲ್ಲಲ್ಲಿ ಎಷ್ಟಾಗುತ್ತೋ ಅಷ್ಟು. ಈ ಮನೆ ಗಂಡಸರ ಬಾಯಿ ನಂಗೆ ಗೊತ್ತಿಲ್ವೇನೋ? ನೀನು ಸೈನ್ಯಕ್ಕೆ ಹೋದಾಗ ಕಚ್ಚಿಟ್ಟ ರೊಟ್ಟೀನ ನಿಮ್ಮಪ್ಪ ಮಾರನೇ ದಿನವೇ ಚಹಾ ಜೊತೆ ಮುಗಿಸಿದ್ರು. ಇನ್ನೊಂದನ್ನ ನಾನೇ ಕಚ್ಚಿ ಹಾಕಿದ್ದೆ."

ಸೈನ್ಯದಿಂದ ಬಂದ ದಿನ, ಗೋಡೆಯಿಂದ ಇಳಿಸಿದ ಆ ಕಲ್ಲಿನಂಥ ರೊಟ್ಟಿಯನ್ನು ಚಹಾದಲ್ಲಿ ಅದ್ದಿ, ತನ್ನದೇ ಕಚ್ಚೆಂದು ಹೆಮ್ಮೆಯಿಂದ ತಿಂದದ್ದು ಮೇಷ್ಟ್ರಿಗೆ ನೆನಪಿತ್ತು.

"ಮತ್ತೆ ನಾನು ಹೇಗೆ ವಾಪಸ್ ಬಂದೆ?"

"ನಾನು ಕಾಯ್ತಾ ಇದ್ದೆ. ನೀನು ಬಂದೆ," ಎಂದರು ಅಜ್ಜಿ.

ಓಯ್ದಿನ್ ಅಜ್ಜಿಯನ್ನು ಅಪ್ಪಿಕೊಂಡಳು. ಹೋಸಿಯತ್ ಈಗ ನಕ್ಕಳು, ಕಣ್ಣಲ್ಲಿ ನೀರಿಟ್ಟುಕೊಂಡು ನಕ್ಕಳು. ಚಾಲಕ ಹಾರನ್ ಒತ್ತಿದ. ಎಲ್ಲ ಸುಖಾಂತವಾಯಿತೆಂದು ಮೇಷ್ಟ್ರು ಮೂಗೊರೆಸಿಕೊಳ್ಳುತ್ತಿರುವಾಗ ಅಜ್ಜಿ ಇನ್ನೊಂದು ರೊಟ್ಟಿಯನ್ನು, ಆ ಕುದುರೆ ಕಚ್ಚಿನದನ್ನು, ಅವರ ಮುಖದ ಮುಂದೆ ಹಿಡಿದರು.

"ಇದನ್ನ ಕಚ್ಚಿದೋರು ಯಾರು?"

"ನಾನು."

"ಕಚ್ಚಿದೋರು ಊರು ಬಿಟ್ಟು ಹೋಗಿ ಬರ್ಬೇಕು. ಹತ್ತು ಕಾರು."

ಬಾಗಿಲಲ್ಲೇ ನಿಂತು ಕೈ ಬೀಸುತ್ತೇನೆಂದಿದ್ದ ಮೇಷ್ಟ್ರು ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿದರು. ವಿಮಾನ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುವ ಅಪ್ಪಂದಿರ ಸಾಲಿನಲ್ಲಿ ಅವರೇ ಮೊದಲಿಗರಾಗಿದ್ದರೆಂದು ಓಯ್ದಿನ್ ಆಮೇಲೆ ತಾಯಿಗೆ ಹೇಳಿದಳು. ಪ್ರೊಫೆಸರಿಗೆಂದು ತುಂಬಿದ್ದ ರೊಟ್ಟಿಗಳೆಲ್ಲ ತೂಕ ಹೆಚ್ಚಾಗಿ ಅಲ್ಲೇ ಕೆಳಗಿಳಿದವು. ಮೇಷ್ಟ್ರು ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಘಾಟಿಯಿಡೀ ಒಂದು ಚೂರೂ ಮುಟ್ಟದೆ ಮರಳಿದರು, ಯಾರೂ ನಂಬಲಿಲ್ಲ.

ಮನೆಗೆ ಬಂದ ಕೂಡಲೇ ಹೋಸಿಯತ್ ಅವರದೇ ರೊಟ್ಟಿಯನ್ನು ಮುಂದಿಟ್ಟಳು. ಅದು ಅಷ್ಟರಲ್ಲಿ ಹಲಗೆಯಾಗಿತ್ತು.

"ಊರು ಬಿಟ್ಟು ಹೋಗಿ ಬಂದಿದ್ದೀರ. ಮುಗಿಸಿ."

ಮೇಷ್ಟ್ರು ಪ್ರತಿಜ್ಞೆ ಎಂದರು, ಡಾಕ್ಟರು ಎಂದರು. ಡಾಕ್ಟರನ್ನು ಇದೊಂದು ಸಲ ನಾನು ನೋಡಿಕೊಳ್ಳುತ್ತೇನೆ ಎಂದಳು ಅವಳು. ಚಹಾದಲ್ಲಿ ನೆನೆಸಿ ನೆನೆಸಿ, ಬಂಗಾರದ ಹಲ್ಲನ್ನು ಪಣಕ್ಕಿಟ್ಟು ಅವರು ಅದನ್ನು ತಿಂದು ಮುಗಿಸಿದರು. ರೊಟ್ಟಿ ತಿನ್ನುವುದು ಒಂದು ಶಿಕ್ಷೆಯೆಂದು ಅವರಿಗೆ ತಿಳಿದದ್ದು ಅವತ್ತೇ.

ಕೆಲವು ದಿನ ಕಳೆದು ಓಯ್ದಿನ್ ಜಪಾನಿನಿಂದ ಫೋನಿನಲ್ಲಿ ಮುಖ ತೋರಿಸಿದಳು. ತನ್ನ ಮಾತು ಅಲ್ಲಿನವರಿಗೆ ಅರ್ಥವಾಗುತ್ತಿದೆ, ಅವರದು ತನಗೆ ಅರ್ಧ ಅರ್ಥವಾಗುತ್ತಿದೆ, ಊಟಕ್ಕೆ ಮೂರು ಹೊತ್ತೂ ಅನ್ನ ಎಂದಳು. ಆಮೇಲೆ, ಅಪ್ಪ, ನನ್ನ ರೊಟ್ಟಿ ತೋರಿಸು ಎಂದಳು. ಮೇಷ್ಟ್ರು ಫೋನನ್ನು ಗೋಡೆಯ ಕಡೆ ತಿರುಗಿಸಿದರು. ಗೂಟಕ್ಕೆ ಲಾವಕ್ಕಿಯ ಪಂಜರ ತೂಗುತ್ತಿತ್ತು, ಲಾವಕ್ಕಿ ಬುಟ್ಟಿಗೆ ವರ್ಗವಾಗಿತ್ತು. ಪಂಜರದೊಳಗೆ ರೊಟ್ಟಿ, ಪಂಜರಕ್ಕೆ ಬೀಗ, ಬೀಗದ ಕೈ ಅಜ್ಜಿಯ ಜಡೆಯ ತುದಿಯಲ್ಲಿ.

"ಅಯ್ಯೋ, ರೊಟ್ಟೀನ ಯಾಕಜ್ಜಿ ಜೈಲಿಗೆ ಹಾಕಿದ್ದೀರ?"

ಅಜ್ಜಿ ಫೋನಿನ ಹತ್ತಿರಕ್ಕೆ ಬಂದು ಹೇಳಿದರು: "ಕಳ್ಳನ್ನೇ ಹಾಕೋಣ ಅಂತಿದ್ದೆ ಕಣೇ. ಪಂಜರ ಸಾಲಲಿಲ್ಲ."